ಟ್ಯಾಬ್ಲೆಟ್ ಬಿಟ್ಟು ಹನಿ ಎಣಿಸಿದ ಮೇಲೆ ಕೊಳ ತಿಳಿಯಾಯಿತು

ಏಳು ತಿಂಗಳಿಂದ ನಮ್ಮ ಈಜುಕೊಳಕ್ಕೆ ಪಾಚಿನಾಶಕ ಒಂದು ತೊಟ್ಟೂ ಬಿದ್ದಿಲ್ಲ. ಆಳದ ಕಡೆ ತಳದಲ್ಲಿರುವ ಡ್ರೇನ್ ಜಾಲರಿಯ ಸ್ಕ್ರೂಗಳನ್ನು ದಂಡೆಯ ಮೇಲೆ ನಿಂತೇ ಎಣಿಸಬಹುದು. ಅರ್ಧ ನೀರು ಹೊರಗೆ ಬಿಡುತ್ತೇನೆ, ಕ್ಲೋರಿನ್ ಟ್ಯಾಬ್ಲೆಟ್ ನಿಲ್ಲಿಸುತ್ತೇನೆ ಎಂದಾಗ ಇದೇ ಕೆಲಸದಲ್ಲಿರುವ ನಾಲ್ಕೈದು ಮಂದಿ "ನೀರೂ ದಂಡ, ದುಡ್ಡೂ ದಂಡ" ಎಂದಿದ್ದರು. ಈಗ ಅವರೇ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕೊಳ 12 ಮೀಟರ್ ಉದ್ದ, 6 ಅಗಲ. ಆಳ 1 ಮೀಟರಿನಿಂದ 1.8ರವರೆಗೆ ಇಳಿಜಾರು. ನನಗಿಂತ ಮೊದಲು ನೋಡಿಕೊಳ್ಳುತ್ತಿದ್ದವರು ಪುಸ್ತಕದಲ್ಲಿ 1.3 ಲಕ್ಷ ಲೀಟರ್ ಎಂದು ಬರೆದಿಟ್ಟಿದ್ದರು. ನಾನೂ ಒಂದು ವರ್ಷ ಅದನ್ನೇ ನಂಬಿ ಅಳತೆ ಹಾಕಿದೆ. ಆಮೇಲೆ ಟೇಪು ಹಿಡಿದು ನೋಡಿದರೆ ಅವರು ಇಡೀ ಕೊಳಕ್ಕೆ 1.8ರ ಆಳವನ್ನೇ ಗುಣಿಸಿದ್ದರು. ಸರಾಸರಿ ಆಳ 1.4, ಅಂದರೆ ಇರುವುದು ಒಂದು ಲಕ್ಷ ಲೀಟರ್ ಅಷ್ಟೆ. ಹಾಕಿದ್ದೆಲ್ಲ ಹತ್ತಿರಹತ್ತಿರ ಮೂವತ್ತು ಪರ್ಸೆಂಟ್ ಹೆಚ್ಚು. ಒಂದು ವರ್ಷದ ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಒಂದು ಲಕ್ಷ ಲೀಟರ್ ಆದದ್ದು ಲೆಕ್ಕಕ್ಕೆ ಮಾತ್ರ ಅನುಕೂಲ: 10 ಪರ್ಸೆಂಟಿನ ದ್ರವ ಕ್ಲೋರಿನ್ ಒಂದು ಲೀಟರ್ ಹಾಕಿದರೆ 1 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಒಂದು ಪಾಲು) ಏರುತ್ತದೆ.

ಆಗಿನ ಸ್ಥಿತಿ ಹೀಗಿತ್ತು. ಹಳದಿ ಬಣ್ಣ ಬರುವ ಕಿಟ್‌ನಲ್ಲಿ ದಿನವೂ ಕ್ಲೋರಿನ್ "ಸರಿ" ಎಂದೇ ತೋರಿಸುತ್ತಿತ್ತು, ಆದರೆ ಮೆಟ್ಟಿಲ ಮೂಲೆಯಲ್ಲಿ ಕೈಯಿಟ್ಟರೆ ಜಾರು. ಈಜುವವರ ಕಣ್ಣು ಕೆಂಪು, ದಂಡೆಯ ತುಂಬ ವಾಸನೆ. ಆ ಹಳದಿ ಕಿಟ್ ತೋರಿಸುವುದು ಟೋಟಲ್ ಮಾತ್ರ, ಅದರಲ್ಲಿ ಕೆಲಸಕ್ಕೆ ಬರುವುದೆಷ್ಟು (ಫ್ರೀ), ಕೊಳೆಯೊಂದಿಗೆ ಸೇರಿ ಕೆಲಸಕ್ಕೆ ಬಾರದ್ದೆಷ್ಟು (ಕಂಬೈನ್ಡ್) ಎಂದು ಅದಕ್ಕೆ ಗೊತ್ತಿಲ್ಲ. ಹನಿ ಎಣಿಸುವ ಕಿಟ್ ತರಿಸಿದೆ. ಪುಡಿ ಹಾಕಿ ಗುಲಾಬಿ ಬಣ್ಣ ಬರಿಸಿ, ಅದು ಪೂರ್ತಿ ಹೋಗುವವರೆಗೆ ಹನಿ ಬಿಡುವ ಬಗೆ. 10 ಮಿಲಿ ನೀರಿಗೆ ಹನಿಗೆ 0.5 ಪಿಪಿಎಂ, 25 ಮಿಲಿಗೆ 0.2. ಮೊದಲ ದಿನವೇ ಫ್ರೀ 3, ಕಂಬೈನ್ಡ್ 1.5 ಬಂತು. ವಾಸನೆ, ಕಣ್ಣುರಿ ಎರಡೂ ಆ 1.5ರ ಕೆಲಸ.

ಫ್ರೀ 3 ಇದ್ದೂ ಪಾಚಿ ಏಕೆ? ಸ್ಟೆಬಿಲೈಜರ್ ಅಳೆದೆ. ಕ್ಲೋರಿನ್ನನ್ನು ಬಿಸಿಲು ತಿನ್ನದಂತೆ ಕಾಯುವ ಸಯನ್ಯೂರಿಕ್ ಆಸಿಡ್ ಅದು, ಹೆಚ್ಚಾದರೆ ಕ್ಲೋರಿನ್ನಿನ ಶಕ್ತಿಯನ್ನೇ ಕುಗ್ಗಿಸುತ್ತದೆ. ನೀರು ಬೆಳ್ಳಗಾಗಿ ಕಪ್ಪು ಚುಕ್ಕೆ ಮಾಯವಾಗುವ ಪರೀಕ್ಷೆಯಲ್ಲಿ ಅಳತೆಪಟ್ಟಿಯ 100 ದಾಟಿತು. ಅರ್ಧಕ್ಕರ್ಧ ನಲ್ಲಿ ನೀರು ಬೆರೆಸಿ ಮತ್ತೆ ಮಾಡಿದರೆ 80. ಅಂದರೆ ಕೊಳದಲ್ಲಿ ಸುಮಾರು 160. ಕಾರಣ ಟ್ಯಾಬ್ಲೆಟ್ಟೇ. ಟ್ಯಾಬ್ಲೆಟ್ಟಿನಲ್ಲಿರುವ ಟ್ರೈಕ್ಲೋರಿನಿಂದ 10 ಪಿಪಿಎಂ ಕ್ಲೋರಿನ್ ಕೊಟ್ಟರೆ ಜೊತೆಗೆ 6 ಪಿಪಿಎಂ ಸ್ಟೆಬಿಲೈಜರ್ ಸೇರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಹೋಗುವುದಿಲ್ಲ. ದಿನಕ್ಕೆ 200 ಗ್ರಾಮಿನ ಎರಡು ಹಾಕುತ್ತಿದ್ದೆ. ಫ್ರೀ ಕ್ಲೋರಿನ್ ಕನಿಷ್ಠ ಸ್ಟೆಬಿಲೈಜರಿನ ಏಳೂವರೆ ಪರ್ಸೆಂಟ್ ಇರಬೇಕೆಂದು ಹಿಡಿದರೆ 160ಕ್ಕೆ 12 ಬೇಕಿತ್ತು. 3 ಯಾವ ಮೂಲೆಗೆ?

ಅರ್ಧ ನೀರು ಬಿಟ್ಟು ತುಂಬಿಸಿದೆ. ಪೂರ್ತಿ ಖಾಲಿ ಮಾಡಲಿಲ್ಲ. ನೆಲದಡಿ ನೀರು ಮೇಲಿದ್ದರೆ ಖಾಲಿ ತೊಟ್ಟಿ ಎದ್ದುಬಿಡುವ ಅಪಾಯ ಎಲ್ಲರಿಗೂ ಗೊತ್ತೇ ಇದೆ. 80ಕ್ಕೆ ಇಳಿಯಿತು. ಅಲ್ಲಿಗೇ ನಿಲ್ಲಿಸಿದ್ದು ನನ್ನ ಜಿಪುಣತನ. ಫ್ರೀ 3 ಸಾಕು ಎಂದುಕೊಂಡೆ, 6 ಬೇಕಿತ್ತು. ಎಂಟನೇ ದಿನ ಗೋಡೆ ಹಸಿರು. "ಹೇಳಿರಲಿಲ್ಲವೇ?" ಎಂಬ ಮಾತು ಬಂತು. ಮತ್ತೊಮ್ಮೆ ಅರ್ಧ ನೀರು ಬಿಟ್ಟು 40ಕ್ಕೆ ತಂದೆ.

ಎರಡನೇ ಸೋಲು ಇನ್ನೂ ದುಬಾರಿ. ಸ್ಟೆಬಿಲೈಜರ್ 40 ಇದ್ದರೆ ಶಾಕ್ ಮಟ್ಟ, ಅಂದರೆ ಪಾಚಿ ಕೊಲ್ಲಲು ಬೇಕಾದ ಫ್ರೀ ಕ್ಲೋರಿನ್, 16. ಒಂದು ಸಂಜೆ 16 ಲೀಟರ್ ಸುರಿದು, ಪಂಪ್ ಬಿಟ್ಟು ಮಲಗಿದೆ. ಬೆಳಗ್ಗೆ ಅಳೆದರೆ 1. ನೀರು ಬೂದುಬಣ್ಣಕ್ಕೆ ತಿರುಗಿದ್ದು ನೋಡಿ ಗೆದ್ದೆ ಎಂದುಕೊಂಡೆ. ಮೂರನೇ ದಿನ ಮತ್ತೆ ಹಸಿರು. 16 ಮುಟ್ಟಿದರೆ ಸಾಲದು, ಅಲ್ಲೇ ಹಿಡಿದು ನಿಲ್ಲಿಸಬೇಕು.

ಮೂರನೇ ಸಲ ಕೊಳ ಮುಚ್ಚಿ, ಯಾರನ್ನೂ ಇಳಿಸದೆ ಶುರು ಮಾಡಿದೆ. ಪಿಎಚ್ ಮೊದಲೇ 7.2ಕ್ಕೆ ತಂದಿಟ್ಟೆ. ಫ್ರೀ 10 ದಾಟಿದ ಮೇಲೆ ಪಿಎಚ್ ಪರೀಕ್ಷೆಯ ಬಣ್ಣ ನೇರಳೆಗೆ ತಿರುಗಿ, ಪಿಎಚ್ ತುಂಬ ಏರಿದೆ ಎಂದು ಸುಳ್ಳು ಹೇಳುತ್ತದೆ. ಅದನ್ನು ನಂಬಿ ಆಸಿಡ್ ಸುರಿದವರನ್ನು ಕಂಡಿದ್ದೇನೆ. ಬಣ್ಣ ಹೋಲಿಸುವ ಕಿಟ್ಟೂ ಅಷ್ಟೇ, ಕ್ಲೋರಿನ್ ಹೆಚ್ಚಾದರೆ ಗುಲಾಬಿ ಬಂದ ಕ್ಷಣವೇ ಬಿಳುಚಿ "ಸೊನ್ನೆ" ಎನ್ನುತ್ತದೆ. ಹನಿ ಕಿಟ್‌ನಲ್ಲಿ ಮೂವತ್ತೆರಡು ಹನಿ ಎಣಿಸಬೇಕು, ಅಷ್ಟೆ. ಹಗಲಿನಲ್ಲಿ ಮೂರು ಗಂಟೆಗೊಮ್ಮೆ ಅಳೆದು ಕಡಿಮೆಯಾದಷ್ಟು ತುಂಬಿಸಿದೆ, ದಿನಕ್ಕೆರಡು ಸಲ ಬ್ರಷ್ ಹೊಡೆದೆ, ಫಿಲ್ಟರ್ ಒತ್ತಡ ಏರಿದಾಗ ನೀರನ್ನು ಹಿಮ್ಮುಖ ಹರಿಸಿ ತೊಳೆಯುವ ಬ್ಯಾಕ್‌ವಾಷ್.

ಮೂರನೇ ದಿನ ನೀರು ಗಾಜಿನಂತಾಯಿತು. ಆದರೂ ರಾತ್ರಿ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಸೂರ್ಯ ಮುಳುಗಿದ ಮೇಲೆ ಒಂದು ಅಳತೆ, ಹುಟ್ಟುವ ಮೊದಲು ಇನ್ನೊಂದು. ನಡುವೆ ಬಿಸಿಲಿಲ್ಲ, ಈಜುವವರಿಲ್ಲ. ಇಳಿಕೆ 1ಕ್ಕಿಂತ ಕಡಿಮೆ ಇರಬೇಕು, ನನಗೆ 2 ಬರುತ್ತಿತ್ತು. ಏನೋ ಎಲ್ಲೋ ತಿನ್ನುತ್ತಿದೆ. ಏಣಿಯ ಟೊಳ್ಳು ಪೈಪ್ ನೋಡಿದೆ, ಮೇಲೆ ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರಿನ ಬಾಗಿಲ ಹಿಂದೆ ನೋಡಿದೆ. ಕೊನೆಗೆ ಕರೆಂಟ್ ತೆಗೆದು ನೀರೊಳಗಿನ ದೀಪ ಬಿಚ್ಚಿದರೆ ಅದರ ಗೂಡಿನೊಳಗೆ ಬೆರಳು ದಪ್ಪದ ಲೋಳೆ! ಉಜ್ಜಿ ತೊಳೆದು ಮತ್ತೆರಡು ದಿನ 16ರಲ್ಲೇ ಹಿಡಿದೆ. ಐದನೇ ರಾತ್ರಿ ಇಳಿಕೆ 0.4, ಕಂಬೈನ್ಡ್ ಒಂದು ಹನಿಗೇ ಮುಗಿಯಿತು. ಈ ಐದು ದಿನಕ್ಕೆ ಒಟ್ಟು ಅರವತ್ತು ಲೀಟರ್ ಆಸುಪಾಸು ಹೋಗಿರಬೇಕು.

ಈ ನಡುವೆ ಒಂದು ಅನುಮಾನ ಕಾಡುತ್ತಿತ್ತು. ಲೆಕ್ಕದ ಪ್ರಕಾರ ಹಾಕಿದರೂ ಪಿಪಿಎಂ ಕೆಲವು ಸಲ ಅಷ್ಟು ಏರುತ್ತಿರಲಿಲ್ಲ. ಕ್ಯಾನಿನಲ್ಲಿರುವುದು ನಿಜಕ್ಕೂ 10 ಪರ್ಸೆಂಟೇ? ಸಿರಿಂಜಿನಲ್ಲಿ 1 ಮಿಲಿ ತೆಗೆದು 10 ಲೀಟರ್ ಡಿಸ್ಟಿಲ್ಡ್ ನೀರಿಗೆ ಬೆರೆಸಿ ಅಳೆದೆ. ಈ ಅನುಪಾತದಲ್ಲಿ ಬಂದ ಪಿಪಿಎಂ ಸಂಖ್ಯೆಯೇ ಕ್ಯಾನಿನ ಪರ್ಸೆಂಟ್. ಹೊಸ ಕ್ಯಾನ್ 10ರ ಹತ್ತಿರ ಬಂತು, ತಗಡಿನ ಚಾವಣಿಯ ಶೆಡ್ಡಿನಲ್ಲಿ ಬಹಳ ದಿನ ಕುದ್ದದ್ದು 7ಕ್ಕೆ ಇಳಿದಿತ್ತು. ಅಂದಿನಿಂದ ಒಟ್ಟಿಗೆ ತಂದು ಇಡುವುದನ್ನು ಬಿಟ್ಟೆ. ಹತ್ತು ದಿನಕ್ಕಾಗುವಷ್ಟೇ ತರುತ್ತೇನೆ, ನೆರಳಿನಲ್ಲಿ ಇಡುತ್ತೇನೆ, ಆಸಿಡ್ ಬೇರೆ ಕೋಣೆಯಲ್ಲಿ.

ಇನ್ನೊಂದು ಪ್ರಯೋಗ ಬಕೆಟ್‌ಗಳದ್ದು. ಸ್ಟೆಬಿಲೈಜರೇ ಬೇಡವೇನೋ ಎನಿಸಿ ಎರಡು ಬಿಳಿ ಬಕೆಟ್ ಬಿಸಿಲಿಗಿಟ್ಟೆ, ಎರಡರಲ್ಲೂ ಫ್ರೀ 5. ಸ್ಟೆಬಿಲೈಜರ್ ಇಲ್ಲದ್ದು ಎರಡು ಗಂಟೆಯಲ್ಲಿ 1ಕ್ಕಿಂತ ಕೆಳಗೆ ಹೋಯಿತು, 40 ಇದ್ದದ್ದು 4ರ ಮೇಲೇ ನಿಂತಿತ್ತು. ಹೆಚ್ಚಾದರೆ ಕ್ಲೋರಿನ್ನಿನ ಕೈ ಕಟ್ಟುತ್ತದೆ, ಇಲ್ಲದಿದ್ದರೆ ಬಿಸಿಲು ತಿನ್ನುತ್ತದೆ. 40 ನನಗೆ ಒಗ್ಗಿತು.

ಈಗ ದಿನಚರಿ ಇಷ್ಟೆ: ಸಂಜೆ ಮೊಳಕೈ ಆಳದಿಂದ, ನೀರು ವಾಪಸು ಬರುವ ಬಾಯಿಂದ ದೂರ ನೀರು ತೆಗೆದು ಅಳತೆ, ಪಂಪ್ ಓಡುತ್ತಿರುವಾಗ ಎರಡು ಲೀಟರ್ ಆಚೀಚೆ ದ್ರವ ಕ್ಲೋರಿನ್. 5.5ಕ್ಕೆ ಏರಿಸಿದ್ದು ಮರುಸಂಜೆಗೆ ಮೂರೂವರೆ ಆಗಿರುತ್ತದೆ. ಆಲ್ಕಲಿನಿಟಿಯನ್ನು (ನೀರಿನ ಕ್ಷಾರದ ಅಳತೆ) 70ಕ್ಕೆ ಇಳಿಸಿದ ಮೇಲೆ ಪಿಎಚ್ ಏರುವುದು ನಿಧಾನವಾಗಿ ಆಸಿಡ್ ಅರ್ಧಕ್ಕೆ ಬಂತು. ಮಳೆಯ ದಿನ, ಮಕ್ಕಳ ಗುಂಪು ಬರುವ ದಿನ ಎಷ್ಟು ಹೆಚ್ಚು ಹಾಕಬೇಕೆಂದು ಮೊದಲೇ ಹೇಳುವ ಒಂದು ಲೆಕ್ಕ ಕಟ್ಟಿಕೊಂಡಿದ್ದೇನೆ. ಅದು ಸದ್ಯ ನನ್ನ ಪುಸ್ತಕದಲ್ಲೇ ಇರಲಿ. ಬ್ರಷ್ಷಿಗೆ ಕಟ್ಟುವ ಒಂದು ವಸ್ತುವಿನ ವಿಷಯವೂ ಅಷ್ಟೆ.

ದುಡ್ಡಿನ ಮಾತು. ಟ್ಯಾಬ್ಲೆಟ್, ಅದು ಇಳಿಸಿದ ಪಿಎಚ್ ಏರಿಸಲು ಸೋಡಾ, ತಾಮ್ರದ ಪಾಚಿನಾಶಕ, ನೀರು ತಿಳಿಯಾಗಿಸುವ ಕ್ಲಾರಿಫೈಯರ್ ಎಲ್ಲ ಸೇರಿ ಮೊದಲು ತಿಂಗಳಿಗೆ ಹತ್ತು ಪಾಲು ಖರ್ಚಾಗುತ್ತಿದ್ದರೆ ಈಗ ಆರು ಪಾಲು. ಎರಡು ಸಲ ಬಿಟ್ಟ ನೀರು, ಆ ಅರವತ್ತು ಲೀಟರ್, ಕಿಟ್ ಎಲ್ಲದರ ದುಡ್ಡು ನಾಲ್ಕನೇ ತಿಂಗಳಿಗೆ ಹುಟ್ಟಿತು.

ಅತಿ ಜೋರಾಗಿ ಬೇಡವೆಂದವರು ಹೋದ ವಾರ ತಮ್ಮ ಕೊಳದ ನೀರು ಬಾಟಲಿಯಲ್ಲಿ ತಂದಿದ್ದರು. ಅರ್ಧ ಬೆರಕೆ ಮಾಡಿಯೂ ಚುಕ್ಕೆ 70ರಲ್ಲಿ ಮಾಯವಾಯಿತು. ಎರಡು ಸಲ ನೋಡಿದರು, ಮಾತಾಡಲಿಲ್ಲ. ಈ ವಾರ ಮೊದಲ ಅರ್ಧ ನೀರು ಬಿಡುತ್ತಿದ್ದಾರೆ. ನೀರು ಇಳಿದಿರುವಾಗಲೇ ದೀಪದ ಗೂಡು ಬಿಚ್ಚಿ ನೋಡಿ ಎಂದು ಹೇಳಿ ಕಳಿಸಿದ್ದೇನೆ.