ಶಿರಸಿಯಿಂದ ಗೋಕರ್ಣಕ್ಕೆ, ನಡೆದು

ತಮ್ಮ ತೀರಿಕೊಂಡಾಗ ಅವನಿಗೆ 38. ಎದೆನೋವು ಅಂತ ರಾತ್ರಿ ಎದ್ದು ಕೂತ. ಬೆಳಗಾಗುವುದರೊಳಗೆ ಎಲ್ಲ ಮುಗಿದಿತ್ತು. ಅಸ್ಥಿ ಬಿಡಲು ಶಿರಸಿಯಿಂದ ಗೋಕರ್ಣಕ್ಕೆ ಕಾರಿನಲ್ಲಿ ಹೋದೆವು. ದಾರಿಯುದ್ದಕ್ಕೂ ಫೋನು. ಅಡುಗೆಯವರಿಗೆ ಹೇಳಿಯಾಯ್ತಾ, ಬಾಳೆಲೆ ಎಷ್ಟು ಬೇಕು, ಹದಿಮೂರನೇ ದಿನಕ್ಕೆ ಯಾರ್ಯಾರು ಬರ್ತಾರೆ. ಅವತ್ತು ಸಮುದ್ರ ಕಂಡ ನೆನಪೇ ನನಗಿಲ್ಲ.

ಆಮೇಲೆ ನಾಲ್ಕು ತಿಂಗಳು, ನೋಡುವವರ ಕಣ್ಣಿಗೆ, ನಾನು ಚೆನ್ನಾಗಿಯೇ ಇದ್ದೆ. ನಿದ್ದೆ ಮಾತ್ರ ಇರಲಿಲ್ಲ. ಡಾಕ್ಟರ್ ಹತ್ತಿರ ಹೋದೆ, ಮಾತ್ರೆಯಿಂದ ಉಪಕಾರವೂ ಆಯಿತು. ಅದನ್ನು ಮುಚ್ಚಿಟ್ಟು ಬರೀ ನಡಿಗೆಯ ಮಹಿಮೆ ಹೇಳಿದರೆ ಸುಳ್ಳಾಗುತ್ತದೆ. ಡಿಸೆಂಬರ್‌ನಲ್ಲಿ ಒಂದು ದಿನ ಹೆಂಡತಿಗೆ ಹೇಳಿದೆ, ಗೋಕರ್ಣಕ್ಕೆ ಇನ್ನೊಮ್ಮೆ ಹೋಗಬೇಕು, ನಡೆದು, ಒಬ್ಬನೇ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ದಿನಾ ಸಂಜೆ ಫೋನ್ ಮಾಡಬೇಕು" ಅಂದಳು.

ಮಂಜುಗುಣಿ, ಯಾಣ, ಕುಮಟಾ, ಅಲ್ಲಿಂದ ಕಡಲಂಚಿನಲ್ಲಿ ಗೋಕರ್ಣ. ಸುತ್ತಿ ಬಳಸಿ ಸುಮಾರು 100 ಕಿ.ಮೀ., ಆರು ದಿನ. ಸಾಹಸ ಏನೂ ಇಲ್ಲ. ಕಾಡಿನೊಳಗೆ ಟೆಂಟ್ ಹಾಕಲು ಅರಣ್ಯ ಇಲಾಖೆಯ ಅನುಮತಿ ಬೇಕು. ನಾನು ರಸ್ತೆ ಮತ್ತು ಊರವರು ಓಡಾಡುವ ಕಾಲುದಾರಿ ಬಿಟ್ಟು ಕದಲಲಿಲ್ಲ. ಸಂಜೆ ಐದರೊಳಗೆ ಯಾವುದಾದರೂ ಮನೆ ಸೇರುತ್ತಿದ್ದೆ. ಕತ್ತಲಾದ ಮೇಲೆ ದಾರಿ ಕಾಡುಕೋಣದ್ದು. ಮಳೆಗಾಲದಲ್ಲಂತೂ ಹೊರಡಲೇಬೇಡಿ, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಕೀಳುವುದರಲ್ಲೇ ದಿನ ಹೋಗುತ್ತದೆ. ಚೀಲದಲ್ಲಿ ಅವಲಕ್ಕಿ, ಬೆಲ್ಲ, ಒಂದು ಪಂಚೆ, ಟಾರ್ಚು, ಎರಡು ಜೊತೆ ಕಾಲುಚೀಲ. ಇನ್ನೂ ಎರಡು ಜೊತೆ ಬೇಕಿತ್ತು ಅಂತ ಮೊದಲ ಸಂಜೆಯೇ ಹಿಮ್ಮಡಿ ಹೇಳಿತು.

ನಮ್ಮ ಕಡೆ ಒಬ್ಬನೇ ನಡೆದು ಹೋಗುವವನನ್ನು ಯಾರೂ ಸುಮ್ಮನೆ ಬಿಡುವುದಿಲ್ಲ, ಅಲ್ವಾ? ಯಾವ ಊರು, ಯಾರ ಮನೆ, ಎಲ್ಲಿಗೆ ಹೊರಟಿದ್ದು, ಎಂತಕ್ಕೆ. ಮೊದಲ ದಿನ ಚಹಾದಂಗಡಿಯಲ್ಲಿ ಕೇಳಿದಾಗ "ಸುಮ್ನೆ" ಅಂದುಬಿಟ್ಟೆ. ಅಲ್ಲಿಂದ ಎದ್ದು ಸ್ವಲ್ಪ ದೂರ ಹೋದ ಮೇಲೆ ಹೊಳೆಯಿತು, ತಮ್ಮ ಸತ್ತ ಅನ್ನುವ ಮಾತನ್ನು ನಾನು ಈವರೆಗೆ ಯಾರಿಗೂ ಬಾಯಿಬಿಟ್ಟು ಹೇಳಿಯೇ ಇಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ದೂರದವರಿಗೆ ಬೇರೆ ಯಾರೋ ಫೋನ್ ಮಾಡಿದ್ದರು. ನನಗೆ ಹೇಳುವ ಪ್ರಸಂಗವೇ ಬಂದಿರಲಿಲ್ಲ.

ಎರಡನೇ ದಿನ ದಾರಿ ತಪ್ಪಿತು. ಸೊಪ್ಪಿನ ಬೆಟ್ಟದಲ್ಲಿ ಕವಲು ನೋಡದೆ ಇಳಿದವನು ಯಾರದೋ ತೋಟಕ್ಕೆ ಬಂದು ನಿಂತೆ. ಅಡಿಕೆಗೊನೆ ಕೊಯ್ಲು ನಡೆದಿತ್ತು. ಹೊತ್ತು ಮುಳುಗುತ್ತಿತ್ತು, ಮನೆಯವರು ಉಳಿಯಲು ಹೇಳಿದರು. ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಲೈಟು ಹಾಕಿ ಎಂಟು ಹತ್ತು ಜನ ಅಡಿಕೆ ಸುಲಿಯಲು ಕೂತರು. ಪಕ್ಕದಲ್ಲಿ ಅಡಿಕೆ ಬೇಯಿಸುವ ಹಂಡೆ ಕುದಿಯುತ್ತಿತ್ತು. ಆ ಚೊಗರಿನ ವಾಸನೆಗೆ ನನ್ನ ಕಾಲು ಅಲ್ಲೇ ನಿಂತಿತು. ನಮ್ಮನೆಯಲ್ಲಿ ಸುಲಿಯುವುದರಲ್ಲಿ ತಮ್ಮನನ್ನು ಮೀರಿಸುವವರಿರಲಿಲ್ಲ. ಆ ವರ್ಷ ನಾವು ಮಿಶಿನ್ ತರಿಸಿದ್ದೆವು, ಅವನ ಜಾಗದಲ್ಲಿ ಕೂರುವ ಮನಸ್ಸು ಯಾರಿಗೂ ಇರಲಿಲ್ಲ.

ಆ ಮನೆಯ ಅಜ್ಜಿ ಪಕ್ಕದ ಮಣೆ ತೋರಿಸಿ, "ಬಾ ತಮಾ, ಕೂತ್ಗ. ಸುಲಿಯಲೆ ಬತ್ತಾ?" ಅಂದರು.

ತಮಾ. ನಾನು ಅವನನ್ನು ಕರೆಯುತ್ತಿದ್ದದ್ದು ಹಾಗೆ. ನನ್ನನ್ನು ಹಾಗೆ ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಕೂತೆ. ಮೆಟ್ಟುಗತ್ತಿಗೆ ಅಡಿಕೆ ಒತ್ತಿದೆ. ಹತ್ತು ಸುಲಿಯುವುದರೊಳಗೆ ಎಂತಕ್ಕೆ ನಡೀತಿದ್ದೆ ಅಂತ ಕೇಳಿದರು. "ತಮ್ಮ ಹೋದ" ಅಂದೆ. ದನಿ ನನ್ನದೇ ಅನ್ನಿಸಲಿಲ್ಲ. ವಯಸ್ಸು ಕೇಳಿದರು, ಹೇಳಿದೆ. ಮಕ್ಕಳು? ಒಂದು ಹುಡುಗಿ. ಅಜ್ಜಿ ಸಮಾಧಾನ ಹೇಳಲಿಲ್ಲ. ಬುಟ್ಟಿಯಿಂದ ಇನ್ನಷ್ಟು ಅಡಿಕೆ ತೆಗೆದು ನನ್ನ ಮುಂದೆ ಹಾಕಿದರು. ಹನ್ನೊಂದರ ತನಕ ಸುಲಿದೆವು. ಆಗಾಗ ಕಣ್ಣು ಒರೆಸಿಕೊಳ್ಳುತ್ತಿದ್ದೆ, ಹಂಡೆಯ ಹೊಗೆ ಅಂತ ನೆವ ಇತ್ತು. ಆ ರಾತ್ರಿ ಜಗಲಿಯಲ್ಲಿ ಮಾತ್ರೆಯ ನೆನಪೂ ಆಗದೆ ಮಲಗಿಬಿಟ್ಟೆ.

ಯಾಣದಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. 120 ಮೀಟರ್ ಎತ್ತರದ ಕರಿ ಬಂಡೆ, ಭಸ್ಮಾಸುರ ಸುಟ್ಟು ಬೂದಿಯಾದ ಜಾಗ ಅಂತ ಕಥೆ. ಬೂದಿಯ ಕಥೆ ಅವತ್ತು ಬೇಡವಾಗಿತ್ತು. ಸೊಕ್ಕಿದ್ದವ ಯಾಣಕ್ಕೆ, ರೊಕ್ಕ ಇದ್ದವ ಗೋಕರ್ಣಕ್ಕೆ ಅನ್ನುವ ಗಾದೆ ನೆನಪಾಗಿ ನಗು ಬಂತು. ನನ್ನ ಹತ್ತಿರ ಎರಡೂ ಇರಲಿಲ್ಲ.

ಅಜ್ಜಿಗೆ ಹೇಳಿದ ಆ ಮಾತನ್ನು ಮುಂದೆ ಎಷ್ಟು ಸಲ ಹೇಳಿದೆನೋ. ಕುಮಟಾದಲ್ಲಿ ಖಾನಾವಳಿಯವರಿಗೆ, ಬಲೆ ಸರಿಮಾಡುತ್ತಿದ್ದ ಒಬ್ಬ ಮುದುಕರಿಗೆ. ಪ್ರತಿ ಸಲ ಅದಕ್ಕೆ ಏನೋ ಸೇರುತ್ತಿತ್ತು. ತಮ್ಮ ಹೋದ ಅನ್ನುವುದು ತಮ್ಮ ಚೆನ್ನಾಗಿ ಈಜುತ್ತಿದ್ದ ಅಂತಾಯಿತು, ಆಮೇಲೆ ಸಾಲ ಕೊಟ್ಟು ಮರೆಯುತ್ತಿದ್ದ ಅಂತಾಯಿತು. ಅಘನಾಶಿನಿಯಲ್ಲಿ ತದಡಿಗೆ ದಾಟುವ ದೋಣಿ ಹತ್ತುವಾಗ ನೀರು ಇಳಿದಿತ್ತು. ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಬಳಚು ಅನ್ನುವ ಚಿಪ್ಪುಮೀನು ಆರಿಸುತ್ತಿದ್ದರು. ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸೊಬ್ಬಳು ಕೇಳಿದಾಗ, ಅವನು ಶಾಲೆಗೆ ಚಕ್ಕರ್ ಹೊಡೆದು ಹೊಳೆಗೆ ಬಿದ್ದ ಕಥೆಯನ್ನೇ ಹೇಳಿದೆ. ಅವನು ಸತ್ತದ್ದು ಹೇಳುವುದರೊಳಗೆ ದಡ ಬಂತು.

ಪ್ಯಾರಡೈಸ್ ಬೀಚಿನಿಂದ ಹಾಫ್ ಮೂನ್, ಓಂ, ಕುಡ್ಲೆ ದಾಟಿದೆ. ಗುಡ್ಡದ ಅಂಚಿನ ದಾರಿ, ಕೆಲವು ಕಡೆ ಕೈಯೂರಿಯೇ ಇಳಿಯಬೇಕು. ಅಂಥ ಬಂಡೆಯ ಮೇಲೂ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುವವರನ್ನು ನೋಡಿದರೆ ನನಗೇ ಕಾಲು ನಡುಗುತ್ತದೆ. ಗೋಕರ್ಣ ಮುಟ್ಟಿದಾಗ ಸಂಜೆ. ನಾವು ಕಾರು ನಿಲ್ಲಿಸಿದ್ದ ಜಾಗ ಹುಡುಕಿದೆ, ಸಿಗಲಿಲ್ಲ. ಬೂಟು ಬಿಚ್ಚಿ ನೀರಿನಲ್ಲಿ ನಿಂತೆ. ಹಿಮ್ಮಡಿಗೆ ಉಪ್ಪುನೀರು ಚುರುಗುಟ್ಟಿತು.

ವಾಪಸ್ ಬಸ್ಸಿನಲ್ಲಿ ಬಂದೆ. ಮರುದಿನ ಅಟ್ಟ ಹತ್ತಿ ಅವನ ಮೆಟ್ಟುಗತ್ತಿ ಇಳಿಸಿದೆ. ತುಕ್ಕು ಹಿಡಿದಿತ್ತು, ಮಸೆದೆ. ಅವನ ಮಣೆ ಬಹಳ ತಗ್ಗು. ಅರ್ಧ ತಾಸು ಕೂರುವುದರೊಳಗೆ ನನ್ನ ಮೊಣಕಾಲು ಹಿಡಿದುಕೊಂಡಿತು. ಕೆಳಗೆ ಒಂದು ಹಲಗೆ ಇಟ್ಟು ಎತ್ತರಿಸಿಕೊಂಡಿದ್ದೇನೆ.