ಅರ್ಧ ಚಮಚ ಸಕ್ಕರೆಯ ಫಿಲ್ಟರ್ ಕಾಫಿ

ಕಾಫಿ ಆರೋಗ್ಯ ಕೆಡಿಸುತ್ತದೆ ಎಂದು ದೂರುವವರು ಬಹುಮಟ್ಟಿಗೆ ದೂರಬೇಕಾದದ್ದು ಅದರಲ್ಲಿ ಬೀಳುವ ಸಕ್ಕರೆಯನ್ನು. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಮೂರು ಲೋಟ ಕುಡಿದರೆ 25ರಿಂದ 30 ಗ್ರಾಂ ಸಕ್ಕರೆ ಒಳಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇಡೀ ದಿನಕ್ಕೆ, ಸಿಹಿತಿಂಡಿಯೂ ಸೇರಿ, 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಡಿಕಾಕ್ಷನ್ ಕಹಿಯಾದಷ್ಟೂ ಸಕ್ಕರೆ ಹೆಚ್ಚು ಬೇಕಾಗುವುದರಿಂದ ತಿದ್ದುಪಡಿ ಅಲ್ಲಿಂದಲೇ ಶುರುವಾಗಬೇಕು.

ಮೊದಲು ನೀರು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಅನೇಕ ಊರುಗಳಲ್ಲಿ ಕೊಳವೆಬಾವಿ ನೀರು ಗಡುಸು, ಫ್ಲೋರೈಡ್ ಕೂಡ ಹೆಚ್ಚು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಗಡಸು ನೀರಿನಲ್ಲಿ ಕಾಫಿಯ ರುಚಿಯೂ ಸಪ್ಪೆಯಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನು ಕುಡಿಯಲಷ್ಟೇ ಇಟ್ಟುಕೊಳ್ಳದೆ ಡಿಕಾಕ್ಷನ್‌ಗೂ ಬಳಸಿ.

ಪುಡಿ ಕೊಳ್ಳುವಾಗ ಪೊಟ್ಟಣದ ಮೇಲೆ ಚಿಕೋರಿಯ (ಕಾಫಿಪುಡಿಗೆ ಬೆರೆಸುವ, ಹುರಿದ ಬೇರಿನ ಪುಡಿ) ಪ್ರಮಾಣ ಓದಿ. ನಿಯಮದಂತೆ ಅದು ಶೇ 49ರವರೆಗೂ ಇರಬಹುದು. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಅದರಿಂದ ಅಪಾಯವೂ ಇಲ್ಲ. ಆದರೆ ಹೆಚ್ಚಾದರೆ ಬಣ್ಣ ಕಪ್ಪಾಗಿ ಕಹಿ ಏರುತ್ತದೆ, ಆ ಕಪ್ಪನ್ನೇ ‘ಸ್ಟ್ರಾಂಗ್’ ಎಂದು ನಾವು ನಂಬಿಬಿಡುತ್ತೇವೆ. ಶೇ 20 ಮೀರದ ಪುಡಿ ಸಾಕು.

ಮೂರು ಲೋಟ ಕಾಫಿಗೆ ಸುಮಾರು 20 ಗ್ರಾಂ ಪುಡಿಯನ್ನು ಫಿಲ್ಟರಿನ ಮೇಲಿನ ಪಾತ್ರೆಗೆ ಹಾಕಿ, ಮಟ್ಟ ಮಾಡಿ, ಬೆರಳಿನಿಂದ ಹಗುರವಾಗಿ ಒತ್ತಿ. ಕುದಿದ ನೀರನ್ನು ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟೇ ಸುರಿಯಿರಿ; ಅದು ಉಬ್ಬಿ ಮೇಲೆ ಸಣ್ಣ ಗುಳ್ಳೆಗಳೆದ್ದ ಬಳಿಕ, ಒಟ್ಟು 150 ಮಿ.ಲೀ. ಆಗುವಂತೆ ಉಳಿದದ್ದನ್ನು ಹಾಕಿ ಮುಚ್ಚಿ. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಹನಿಹನಿಯಾಗಿ ಇಳಿಯಬೇಕು. ಐದೇ ನಿಮಿಷದಲ್ಲಿ ಇಳಿದುಹೋದರೆ ಪುಡಿ ದಪ್ಪ ಅಥವಾ ಒತ್ತಿದ್ದು ಸಾಲದು. ಇಳಿಯದೆ ನಿಂತರೆ ಒತ್ತಿದ್ದು ಜಾಸ್ತಿ. ಅದೇ ಪುಡಿಗೆ ಮತ್ತೆ ನೀರು ಹಾಕಿ ಎರಡನೇ ಡಿಕಾಕ್ಷನ್ ತೆಗೆಯುವ ಉಳಿತಾಯ ಬೇಡ: ಕಹಿಯೇ ಹೆಚ್ಚಾಗಿ ಬರುತ್ತದೆ. ತಣ್ಣಗಾದದ್ದನ್ನು ಒಲೆಯ ಮೇಲೆ ಕುದಿಸದೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಿ. ಕೊಲೆಸ್ಟರಾಲ್ ಹೆಚ್ಚಿರುವವರು ಮೇಲಿನ ಪಾತ್ರೆಯ ತೂತಿನ ತಳದಲ್ಲಿ ಫಿಲ್ಟರ್ ಕಾಗದವನ್ನು ಗುಂಡಗೆ ಕತ್ತರಿಸಿ ಹಾಸಬಹುದು. ಕೊಲೆಸ್ಟರಾಲ್ ಏರಿಸುವ, ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಅದರಲ್ಲಿ ಬಹುಪಾಲು ನಿಲ್ಲುತ್ತದೆ, ಇಳಿಯುವುದು ಮಾತ್ರ ನಿಧಾನ.

ಕಾಫಿಗೆ ಶೇ 3 ಕೊಬ್ಬಿನ ಟೋನ್ಡ್ ಹಾಲೇ ಸಾಕು, ನೀರು ಬೆರೆಸಬೇಡಿ. ಒಂದು ಪಾಲು ಡಿಕಾಕ್ಷನ್‌ಗೆ ಮೂರು ಪಾಲು ಬಿಸಿ ಹಾಲು ಹಾಕಿ, ಎತ್ತರದಿಂದ ಎರಡು ಮೂರು ಸಲ ಹೊಯ್ದು ನೊರೆ ಬರಿಸಿ. ನಾಲಿಗೆ ಸುಡುವ ಬಿಸಿ ಇಳಿದ ಮೇಲೆ ಹಾಲಿನ ಸ್ವಂತ ಸಿಹಿ ತಿಳಿಯುತ್ತದೆ. ಸಕ್ಕರೆಯನ್ನು ವಾರಕ್ಕೆ ಕಾಲು ಚಮಚದಂತೆ ಇಳಿಸುತ್ತಾ ಅರ್ಧ ಚಮಚಕ್ಕೆ ತನ್ನಿ. ಬೆಲ್ಲ ಹಾಕಿದರೆ ದೋಷವಿಲ್ಲ ಎಂಬುದು ಬರೀ ಸಮಾಧಾನ. ಕ್ಯಾಲೊರಿಯಲ್ಲಿ ಅದು ಸಕ್ಕರೆಗೆ ಹೆಚ್ಚುಕಡಿಮೆ ಸಮ, ಜೊತೆಗೆ ಕುದಿಯುವ ಹಾಲಿಗೆ ಬಿದ್ದರೆ ಹಾಲು ಒಡೆಯುವುದೂ ಉಂಟು.

ಕುಡಿಯುವ ಹೊತ್ತೂ ಮುಖ್ಯ. 2024ರ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯಂತೆ 150 ಮಿ.ಲೀ. ಸೋಸಿದ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ ಕೆಫೀನ್ ಇರುತ್ತದೆ, ದಿನದ ಮಿತಿ 300 ಮಿ.ಗ್ರಾಂ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ನಂತರ ಕಾಫಿ ಬೇಡವೆಂದೂ ಅದು ಹೇಳುತ್ತದೆ, ಏಕೆಂದರೆ ಮುದ್ದೆ, ಸೊಪ್ಪಿನ ಸಾರಿನಲ್ಲಿರುವ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳುವುದನ್ನು ಕಾಫಿ ತಗ್ಗಿಸುತ್ತದೆ. ರಕ್ತಹೀನತೆ ಇರುವವರು ಈ ಅಂತರವನ್ನು ತಪ್ಪದೆ ಪಾಲಿಸಬೇಕು.