ಮದ್ದಿಗೆ ಲಾಭವಿಲ್ಲ, ನೋಡಿದ್ದಕ್ಕೆ ಶುಲ್ಕ

ಮದ್ದಿಗೆ ದುಡ್ಡು ತೆಗೆದುಕೊಂಡರೆ ಅದರ ಗುಣ ಹೋಗುತ್ತದೆ ಎಂಬ ನಂಬಿಕೆ ನಮ್ಮ ಮಲೆನಾಡಿನಲ್ಲಿ ಇಂದಿಗೂ ಗಟ್ಟಿಯಾಗಿದೆ. ಕಾಮಾಲೆಗೆ, ಸರ್ಪಸುತ್ತಿಗೆ, ಉಳುಕಿಗೆ ತಲೆತಲಾಂತರದಿಂದ ಮದ್ದು ಕೊಡುತ್ತಾ ಬಂದ ಮನೆತನಗಳು ಇದನ್ನು ವ್ರತದಂತೆ ಪಾಲಿಸಿವೆ. ನಾನೂ ಅಂಥದೇ ಮನೆಯಲ್ಲಿ ಬೆಳೆದವಳು. ಅಜ್ಜನನ್ನು ಊರೆಲ್ಲ ಪಂಡಿತರು ಎಂದು ಕರೆಯುತ್ತಿತ್ತು. ನಾನು ಆಯುರ್ವೇದ ವೈದ್ಯಪದವಿಯಾದ ಬಿಎಎಂಎಸ್ ಓದಿ, ನೋಂದಣಿ ಮಾಡಿಸಿಕೊಂಡು, ಸಾಗರದ ಸೀಮೆಯ ಸಣ್ಣ ಪೇಟೆಯೊಂದರಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದೇನೆ. ದುಡ್ಡು ತೆಗೆದುಕೊಳ್ಳುತ್ತೇನೆ. ಯಾವುದಕ್ಕೆ ತೆಗೆದುಕೊಳ್ಳುತ್ತೇನೆ, ಯಾವುದಕ್ಕೆ ಮುಟ್ಟುವುದಿಲ್ಲ ಎಂದು ಹೊಸದಾಗಿ ವೃತ್ತಿಗೆ ಬಂದವರು ಆಗಾಗ ಕೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅಜ್ಜ ಕಾಮಾಲೆಗೆ ಕೊಡುತ್ತಿದ್ದುದು ನೆಲನೆಲ್ಲಿ. ಗಿಡವನ್ನು ಬೇರುಸಹಿತ ಕಿತ್ತು ತೊಳೆದು, ಒರಳಿನಲ್ಲಿ ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕದಡಿ ಬರಿಹೊಟ್ಟೆಗೆ ಕುಡಿಸುತ್ತಿದ್ದರು. ಎಣ್ಣೆ, ಖಾರ, ಕರಿದದ್ದು ಬಿಡಬೇಕು. ಬಂದವರು ತೆಂಗಿನಕಾಯಿ, ಎಲೆಯಡಿಕೆ, ಕೆಲವೊಮ್ಮೆ ಬಾಳೆಗೊನೆ ತಂದಿಟ್ಟು ಕೈಮುಗಿದು ಹೋಗುತ್ತಿದ್ದರು. ಊರಿನವರು ಈಗಲೂ ಅದನ್ನು ಕೊಂಡಾಡುತ್ತಾರೆ. ಅಜ್ಜನ ಮೇಲೆ ನನಗಿರುವ ಗೌರವ ಅಷ್ಟಿಷ್ಟಲ್ಲ. ಆದರೆ ಅವರ ಪುಕ್ಕಟೆ ಮದ್ದಿನ ಹಿಂದೆ ಅಡಿಕೆ ತೋಟವಿತ್ತು. ಕೊಯ್ಲಿನ ದುಡ್ಡು ವರ್ಷದ ಊಟಕ್ಕೂ ಮಕ್ಕಳ ಓದಿಗೂ ಸಾಲುತ್ತಿತ್ತು. ಮದ್ದು ಅರೆಯುತ್ತಿದ್ದವರು ಅಜ್ಜಿ, ಗಿಡ ಹುಡುಕಿ ತರುತ್ತಿದ್ದವರು ತೋಟದ ಆಳುಗಳು. ಅವರ ದುಡಿಮೆಗೆ ಯಾರೂ ಬೆಲೆ ಕಟ್ಟಲಿಲ್ಲ. ಅದೇ ಊರಿನಲ್ಲಿ ಮೂಳೆ ಕಟ್ಟುತ್ತಿದ್ದ ಇನ್ನೊಬ್ಬರಿಗೆ ತುಂಡು ಭೂಮಿಯೂ ಇರಲಿಲ್ಲ. ಮುರಿದ ಕೈ ಹಿಡಿದುಕೊಂಡು ಯಾರಾದರೂ ಬಂದರೆ ಆ ದಿನ ಅವರ ಕೂಲಿ ತಪ್ಪುತ್ತಿತ್ತು. ಅವರು ಹತ್ತು ರೂಪಾಯಿ ಕೇಳಿದರೆ ದುಡ್ಡಿನಾಸೆಯವರು ಎಂದು ಜನ ಆಡಿಕೊಳ್ಳುತ್ತಿದ್ದರು. ಹಣ ಮುಟ್ಟದವರಷ್ಟೇ ಶುದ್ಧರು ಎಂದಾದರೆ ಉಳ್ಳವರಷ್ಟೇ ಒಳ್ಳೆಯ ವೈದ್ಯರಾಗಬಲ್ಲರು. ಇದು ನನಗೆ ಒಪ್ಪಿಗೆಯಿಲ್ಲ.

ಚರಕ ಸಂಹಿತೆಯ ಒಂದು ಶ್ಲೋಕವನ್ನು ಆಯುರ್ವೇದ ಕಾಲೇಜಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಹೊಟ್ಟೆಪಾಡಿಗಾಗಿ ಚಿಕಿತ್ಸೆಯನ್ನು ಸರಕಿನಂತೆ ಮಾರುವವರು ಚಿನ್ನದ ರಾಶಿಯನ್ನು ಬಿಟ್ಟು ಧೂಳಿನ ರಾಶಿಯನ್ನು ಬಯಸುತ್ತಾರೆ ಎಂಬುದು ಅದರ ಅರ್ಥ. ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿದೆ. ಅದೇ ಗ್ರಂಥದ ಸೂತ್ರಸ್ಥಾನದ 11ನೇ ಅಧ್ಯಾಯವನ್ನು ಮಾತ್ರ ಭಾಷಣಗಳಲ್ಲಿ ಯಾರೂ ಎತ್ತುವುದಿಲ್ಲ. ಅಲ್ಲಿ ಪ್ರಾಣ, ಧನ, ಪರಲೋಕ ಎಂಬ ಮೂರು ಏಷಣೆಗಳನ್ನು, ಅಂದರೆ ಬಯಕೆಗಳನ್ನು ಹೇಳಿ, ಸಾಧನಗಳಿಲ್ಲದ ದೀರ್ಘಾಯುಷ್ಯಕ್ಕಿಂತ ಕೆಟ್ಟ ಪಾಪವಿಲ್ಲ, ಆದ್ದರಿಂದ ಕೃಷಿಯನ್ನೋ ಪಶುಪಾಲನೆಯನ್ನೋ ವ್ಯಾಪಾರವನ್ನೋ ಹಿಡಿದು ಸಂಪಾದಿಸಬೇಕು ಎಂದಿದೆ. ನಾನು ಇವೆರಡನ್ನೂ ಒಟ್ಟಿಗೆ ಓದುತ್ತೇನೆ. ಗಳಿಸುವುದು ತಪ್ಪಲ್ಲ, ಹೆಚ್ಚು ಮಾರಿದಷ್ಟೂ ಹೆಚ್ಚು ಗಳಿಸುವಂತೆ ಚಿಕಿತ್ಸೆಯನ್ನು ಕಟ್ಟಿಕೊಳ್ಳುವುದು ತಪ್ಪು.

ಹಾಗಾಗಿ ನನ್ನ ಕ್ರಮ ಹೀಗಿದೆ. ರೋಗಿಯನ್ನು ನೋಡಿದ್ದಕ್ಕೆ 150 ರೂಪಾಯಿ. ಮದ್ದು ಬರೆದರೂ ಅಷ್ಟೇ, ಬರೆಯದಿದ್ದರೂ ಅಷ್ಟೇ. ಮದ್ದಿಗೆ ಬೇರೆ ಚೀಟಿ. ಅದರಲ್ಲಿ ಕಚ್ಚಾ ಸಾಮಗ್ರಿ, ಕೂಲಿ, ಉರುವಲು ಮತ್ತು ಬಾಟಲಿಯ ಅಸಲು ಮಾತ್ರ ಇರುತ್ತದೆ. ಅಸಲಿನ ಲೆಕ್ಕವನ್ನು ಬರೆದು ಗೋಡೆಗೆ ಹಚ್ಚಿದ್ದೇನೆ. ಕಾನೂನಿನ ಪ್ರಕಾರ ವೈದ್ಯರು ತಮ್ಮ ರೋಗಿಗಳಿಗಾಗಿ ತಯಾರಿಸಿಕೊಳ್ಳುವ ಆಯುರ್ವೇದ ಔಷಧಿಗೆ ತಯಾರಿಕಾ ಪರವಾನಗಿ ಬೇಡ. ಅಂಗಡಿಗೆ ಕೊಟ್ಟು ಮಾರಿಸಿದರೆ ಬೇಕು. ನಾನು ಈ ಗಡಿಯೊಳಗೇ ಇದ್ದೇನೆ.

ಅಸಲು ಎಂದರೆ ಎಷ್ಟು ಎಂಬುದು ಮಾಡಿ ನೋಡಿದವರಿಗಷ್ಟೇ ಗೊತ್ತಾಗುತ್ತದೆ. ಎಳ್ಳೆಣ್ಣೆಗೆ ಹಾಲು, ಮೂಲಿಕೆ ಹಾಕಿ ಕಾಯಿಸುವ ಕ್ಷೀರಬಲಾ ತೈಲವನ್ನೇ ತೆಗೆದುಕೊಳ್ಳಿ. ಕಲ್ಕ (ಅರೆದ ಮೂಲಿಕೆಯ ಮುದ್ದೆ) ಒಂದು ಪಾಲು, ಎಣ್ಣೆ ನಾಲ್ಕು, ದ್ರವ ಹದಿನಾರು ಎಂಬುದು ಶಾಸ್ತ್ರದ ಸಾಮಾನ್ಯ ಅಳತೆ. ಒಂದು ಲೀಟರ್ ಎಳ್ಳೆಣ್ಣೆ ಹದಕ್ಕೆ ಬರಬೇಕಾದರೆ ನಾಲ್ಕು ಲೀಟರ್ ದ್ರವ ಸಣ್ಣ ಉರಿಯಲ್ಲಿ ಇಂಗಬೇಕು. ಹಾಲು ಬಿದ್ದ ಮೇಲೆ ತಳ ಹಿಡಿಯುತ್ತದೆ, ಸೌಟು ಬಿಡುವಂತಿಲ್ಲ. ಕೊನೆಗೆ ಎಣ್ಣೆಯ ಮೇಲೆ ನೊರೆ ಏಳುತ್ತದೆ. ಆಗ ತಳದ ಕಲ್ಕವನ್ನು ಸ್ವಲ್ಪ ತೆಗೆದು ಬೆರಳುಗಳ ನಡುವೆ ಹೊಸೆದರೆ ಬತ್ತಿಯಂತೆ ಸುತ್ತಿಕೊಳ್ಳಬೇಕು. ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಪಟ ಸದ್ದು ಬರಬಾರದು. ಸದ್ದು ಬಂದರೆ ಇನ್ನೂ ನೀರಿನಂಶ ಉಳಿದಿದೆ ಎಂದರ್ಥ. ಒಂದಿಡೀ ದಿನ ಒಲೆಯ ಮುಂದೆ ನಿಲ್ಲುವ ಹೆಂಗಸಿನ ಕೂಲಿ ಎಣ್ಣೆಯ ಬೆಲೆಗೆ ಸರಿಸಮ ನಿಲ್ಲುತ್ತದೆ. ಪೇಟೆಯಲ್ಲಿ ಇದೇ ಹೆಸರಿನ ಬಾಟಲಿ ತೀರಾ ಅಗ್ಗಕ್ಕೆ ಸಿಕ್ಕರೆ ಹೇಗೆ ಸಾಧ್ಯವಾಯಿತು ಎಂದು ನಾನು ಕೇಳುತ್ತೇನೆ. ರೋಗಿಗಳೂ ಕೇಳಬೇಕು.

ಔಷಧ ಕಂಪನಿಗಳ ಪ್ರತಿನಿಧಿಗಳು ನನ್ನಲ್ಲಿಗೂ ಬರುತ್ತಾರೆ. ಇಷ್ಟು ಡಬ್ಬಿ ತೆಗೆದುಕೊಂಡರೆ ಇಷ್ಟು ಉಚಿತ, ತಿಂಗಳಿಗೆ ಇಷ್ಟು ಬರೆದರೆ ಮಿಕ್ಸರ್, ಪ್ರವಾಸ. ಒಳ್ಳೆಯ ಹುಡುಗರು, ಅವರ ಹೊಟ್ಟೆಪಾಡು ಅದು. ಕೂರಿಸಿ ಕಾಫಿ ಕೊಟ್ಟು ಕಳುಹಿಸುತ್ತೇನೆ. ಉಚಿತ ಡಬ್ಬಿಗಳು ಕಪಾಟಿನಲ್ಲಿ ಕುಳಿತರೆ ಅವುಗಳಿಗೆ ತಕ್ಕ ರೋಗಿಯನ್ನು ಕಣ್ಣು ಹುಡುಕತೊಡಗುತ್ತದೆ. ನನ್ನ ಮನಸ್ಸೂ ಎಲ್ಲರದರಂತೆಯೇ ಎಂದು ತಿಳಿದಿರುವುದರಿಂದ ಆ ಡಬ್ಬಿಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಕಾಮಾಲೆಗೆ ಮರಳುತ್ತೇನೆ, ಏಕೆಂದರೆ ಸೊಪ್ಪು-ಬೇರಿನ ವೈದ್ಯದಲ್ಲಿ ಅತಿ ಸುಲಭದ ಸಂಪಾದನೆ ಇಲ್ಲಿದೆ. ನಮ್ಮ ಕಡೆ ಬರುವ ಕಾಮಾಲೆಯಲ್ಲಿ ಹೆಚ್ಚಿನದು ಕೆಟ್ಟ ನೀರಿನಿಂದ ತಗಲುವ ಹೆಪಟೈಟಿಸ್ ಎ ಅಥವಾ ಇ. ಬಹುಪಾಲು ರೋಗಿಗಳಲ್ಲಿ ಅದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆ ವಾರಗಳಲ್ಲಿ ಯಾರ ಮದ್ದು ಕುಡಿದರೋ ಅವರಿಗೆ ಹೆಸರು. ಈ ಹೆಸರನ್ನು ಸಾವಿರಾರು ರೂಪಾಯಿಗೆ ಮಾರುವವರಿದ್ದಾರೆ. ನೆಲನೆಲ್ಲಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೆಪಟೈಟಿಸ್ ಬಿ ವೈರಾಣುವನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಅವರು ಮದ್ರಾಸಿನ ಸಂಶೋಧಕರೊಂದಿಗೆ ಸೇರಿ ಈ ಗಿಡವನ್ನು ಪರೀಕ್ಷಿಸಿದ್ದರು. 1988ರಲ್ಲಿ ಪ್ರಕಟವಾದ ಮೊದಲ ಫಲಿತಾಂಶ ಆಸೆ ಹುಟ್ಟಿಸುವಂತಿತ್ತು. ಆಮೇಲೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಅಂಥ ಫಲ ಸಿಗಲಿಲ್ಲ. ಈ ಎರಡನೆಯ ವಾಕ್ಯವನ್ನೂ ರೋಗಿಗೆ ಹೇಳುವವರು ಕಡಿಮೆ.

ಕಣ್ಣು ಹಳದಿಯಾಗಿ ಬಂದವರನ್ನು ನಾನು ಮೊದಲು ಕೇಳುವುದು ಮಲದ ಬಣ್ಣ. ಮಲ ಬಿಳಿಚಿಕೊಂಡು, ಮೈ ತುರಿಸುತ್ತಿದ್ದರೆ ಪಿತ್ತನಾಳದಲ್ಲಿ ಕಲ್ಲೋ ಗಡ್ಡೆಯೋ ಅಡ್ಡ ನಿಂತಿರಬಹುದು. ಅದಕ್ಕೆ ಸ್ಕ್ಯಾನಿಂಗ್ ಆಗಬೇಕು. ಮಾತು ತಡವರಿಸುವುದು, ಹಗಲು ನಿದ್ದೆ, ರಾತ್ರಿ ಎಚ್ಚರ ಇದ್ದರೆ ಯಕೃತ್ತು ಸೋಲುತ್ತಿದೆ ಎಂದು ಭಾವಿಸಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಚೀಟಿ ಬರೆಯುತ್ತೇನೆ. ಬಸುರಿ ಹೆಂಗಸಾದರೆ ಒಂದು ಗಳಿಗೆಯೂ ಇಟ್ಟುಕೊಳ್ಳುವುದಿಲ್ಲ, ಕೊನೆಯ ತಿಂಗಳುಗಳಲ್ಲಿ ಹೆಪಟೈಟಿಸ್ ಇ ಜೀವ ತೆಗೆಯಬಲ್ಲದು. ಉಳಿದವರಿಗೆ ರಕ್ತಪರೀಕ್ಷೆ ಮಾಡಿಸಿ, "ಇದು ಬಹುಮಟ್ಟಿಗೆ ತಾನಾಗಿ ಇಳಿಯುವ ಕಾಯಿಲೆ, ಕುದಿಸಿದ ನೀರು ಕುಡಿಯಿರಿ, ವಿಶ್ರಾಂತಿ ಮಾಡಿ, ಮದ್ಯ ಮುಟ್ಟಬೇಡಿ" ಎನ್ನುತ್ತೇನೆ. ನೆಲನೆಲ್ಲಿ ಬೇಕೆಂದರೆ ಗಿಡ ತೋರಿಸಿಕೊಡುತ್ತೇನೆ. ಮಳೆಗಾಲದಲ್ಲಿ ಅವರ ತೋಟದಲ್ಲೇ ಕಳೆಯಾಗಿ ಎದ್ದಿರುತ್ತದೆ. ಅದಕ್ಕೆ ದುಡ್ಡಿಲ್ಲ.

ಮದ್ದು ಕೊಡದೆ ಕಳುಹಿಸಿದ್ದಕ್ಕೆ ಶುಲ್ಕವೇಕೆ ಎಂದು ಜಗಳ ತೆಗೆದವರಿದ್ದಾರೆ. ಒಂದು ಸಲ ತಂದೆಯೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಚಿಕ್ಕ ಹುಡುಗ, ಟೈಪ್ ಒನ್ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಹುಡುಗ ಅಂಗಿ ಎತ್ತಿ ಸೂಜಿ ಚುಚ್ಚಿದ ಜಾಗ ತೋರಿಸಿದ. ತಂದೆ, "ಡಾಕ್ಟರಮ್ಮ, ಎಷ್ಟು ಖರ್ಚಾದರೂ ಚಿಂತೆಯಿಲ್ಲ, ಈ ಸೂಜಿ ಒಂದು ಬಿಡಿಸಿಕೊಡಿ" ಎಂದರು. ಎಲ್ಲೋ ಒಬ್ಬರು ಆರು ತಿಂಗಳಲ್ಲಿ ಬಿಡಿಸುವುದಾಗಿ ಹೇಳಿ ದೊಡ್ಡ ಮೊತ್ತ ಕೇಳಿದ್ದರಂತೆ. ನಾನು, "ಸೂಜಿ ನಿಲ್ಲಿಸಿದರೆ ಮಗು ಕೆಲವೇ ದಿನಗಳಲ್ಲಿ ಕೈತಪ್ಪುತ್ತದೆ. ಇದಕ್ಕೆ ನನ್ನಲ್ಲಿ ಮದ್ದಿಲ್ಲ, ಬಿಡಿಸುತ್ತೇನೆ ಎಂದವರಲ್ಲೂ ಇಲ್ಲ" ಎಂದೆ. 1922ರಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಇನ್ಸುಲಿನ್ ಕೊಡುವವರೆಗೂ ಇಂಥ ಮಕ್ಕಳು ಉಳಿಯುತ್ತಿರಲಿಲ್ಲ ಎಂಬುದನ್ನು ನಿಧಾನವಾಗಿ ವಿವರಿಸಿದೆ. ಸೂಜಿಯ ಜಾಗ ಬದಲಿಸುವುದು, ಸಕ್ಕರೆ ಇಳಿದಾಗ ಏನು ತಿನ್ನಿಸಬೇಕು, ಶಾಲೆಯಲ್ಲಿ ಮೇಷ್ಟರಿಗೆ ಏನು ತಿಳಿಸಿರಬೇಕು ಎಂಬ ಮಾತಿನಲ್ಲೇ ಬಹಳ ಹೊತ್ತು ಹೋಯಿತು. ಅವರು ಬೇಸರದಿಂದಲೇ 150 ರೂಪಾಯಿ ಇಟ್ಟರು. ನಾನು ತೆಗೆದುಕೊಂಡೆ. ಆ ದಿನ ನಾನು ಮಾಡಿದ ಅತ್ಯಂತ ಬೆಲೆಯುಳ್ಳ ಕೆಲಸ ಅದು. ಇಲ್ಲ ಎನ್ನುವುದಕ್ಕೆ ಸಂಬಳವಿಲ್ಲದ ವೈದ್ಯರ ಬಾಯಲ್ಲಿ ಇಲ್ಲ ಎಂಬ ಮಾತು ಬರುವುದು ಕಷ್ಟ.

ಇನ್ನೊಂದು ಬಗೆಯ ಸಂಪಾದನೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ಅದರ ಫಲ ನಮ್ಮ ಬಾಗಿಲಿಗೆ ಬರುತ್ತದೆ. ಕೀಲುನೋವಿಗೋ ಉಬ್ಬಸಕ್ಕೋ ಯಾರೋ ಕೊಟ್ಟ ಪುಡಿಯ ಪೊಟ್ಟಣ ಹಿಡಿದುಕೊಂಡು ರೋಗಿಗಳು ಬರುತ್ತಾರೆ. ಪೊಟ್ಟಣದ ಮೇಲೆ ಹೆಸರಿಲ್ಲ, ತಯಾರಿಸಿದ ದಿನಾಂಕವಿಲ್ಲ. ತಿಂದು ಒಂದೆರಡು ಗಂಟೆಯಲ್ಲಿ ನೋವು ಮಾಯವಾಗುತ್ತದೆ ಎನ್ನುತ್ತಾರೆ. ಮುಖ ಚಂದ್ರನಂತೆ ದುಂಡಗಾಗಿರುತ್ತದೆ, ಮುಂಗೈ ಚರ್ಮ ತೆಳುವಾಗಿ ಸುಮ್ಮನೆ ತಾಗಿದರೂ ನೀಲಿಗಟ್ಟುತ್ತದೆ, ಸಕ್ಕರೆ ಏರಿರುತ್ತದೆ. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವ ಲಕ್ಷಣಗಳಿವು. ಇಂಥವರಿಗೆ "ನಾಳೆಯಿಂದಲೇ ನಿಲ್ಲಿಸಿ" ಎನ್ನುವುದೂ ಅಪಾಯ; ಬಹುಕಾಲ ಹೊರಗಿನಿಂದ ಬಂದದ್ದನ್ನೇ ನೆಚ್ಚಿಕೊಂಡ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿರುತ್ತದೆ, ಒಮ್ಮೆಲೇ ಬಿಟ್ಟರೆ ಮನುಷ್ಯ ಕುಸಿಯುತ್ತಾನೆ. ಆಸ್ಪತ್ರೆಗೆ ಕಳುಹಿಸಿ ಹಂತಹಂತವಾಗಿ ಇಳಿಸಬೇಕು. ಗಿಡಮೂಲಿಕೆಯ ಹೆಸರಿನಲ್ಲಿ ಇದನ್ನು ಮಾರುವವರು ರೋಗಿಗೆ ಮಾತ್ರವಲ್ಲ, ಪ್ರಾಮಾಣಿಕವಾಗಿ ಸೊಪ್ಪು ಅರೆಯುವ ಪ್ರತಿಯೊಬ್ಬರಿಗೂ ದ್ರೋಹ ಮಾಡುತ್ತಿದ್ದಾರೆ.

ಸೊಪ್ಪು-ಬೇರಿನಲ್ಲಿ ಅಡ್ಡ ಪರಿಣಾಮವಿಲ್ಲ ಎಂಬ ಮಾತಿಗೆ ಬರುವಷ್ಟು ವ್ಯಾಪಾರ ಬೇರಾವ ಮಾತಿಗೂ ಬರುವುದಿಲ್ಲ. ನಾನು ಆ ಮಾತನ್ನು ಆಡುವುದಿಲ್ಲ. ಹಾವಿನ ವಿಷಕ್ಕೆ, ಹೊಟ್ಟೆನೋವಿಗೆ ಹಳ್ಳಿಗಳಲ್ಲಿ ಬಳಸಿಕೊಂಡು ಬಂದ ಈಶ್ವರಿ ಬಳ್ಳಿಯಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮನೆಯ ಹಿತ್ತಲಿನಲ್ಲಿ ಆ ಬಳ್ಳಿ ಚಿಟ್ಟೆಗಳಿಗಾಗಿ ಬೆಳೆದಿದೆ, ಕಪಾಟಿಗೆ ಬರುವುದಿಲ್ಲ.

ಜಾಹೀರಾತು ಹಾಕುವುದಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯಿದೆಯ ಅನುಸೂಚಿಯಲ್ಲಿ 54 ಕಾಯಿಲೆಗಳಿವೆ; ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ ಎಲ್ಲವೂ ಅದರಲ್ಲಿವೆ. ಅವನ್ನು ಗುಣಪಡಿಸುವುದಾಗಿ ಜಾಹೀರಾತು ಕೊಡುವುದೇ ಅಪರಾಧ. ಆದರೂ ಬಸ್ ನಿಲ್ದಾಣದ ಕಂಬದಿಂದ ಮೊಬೈಲಿನ ವಿಡಿಯೋವರೆಗೆ ಅದೇ ತುಂಬಿದೆ. 2024ರಲ್ಲಿ ಸುಪ್ರೀಂ ಕೋರ್ಟು ಕಣ್ಣು ಕೆಂಪಗೆ ಮಾಡಿದ ಮೇಲೆ ದೊಡ್ಡ ಕಂಪನಿಯೊಂದು ಪತ್ರಿಕೆಗಳಲ್ಲಿ ಕ್ಷಮೆ ಕೇಳಿತು. ಸಣ್ಣವರನ್ನು ಕೇಳುವವರಿಲ್ಲ.

ಕಾಡಿನ ಲೆಕ್ಕವೂ ಈ ದುಡ್ಡಿನೊಳಗೇ ಬರುತ್ತದೆ. ಹೆಂಗಸರ ರಕ್ತಸ್ರಾವಕ್ಕೆ ಬಳಸುವ ಸೀತಾ ಅಶೋಕದ ತೊಗಟೆಗೆ ಬೇಡಿಕೆ ಹೆಚ್ಚಾಗಿ, ಪಶ್ಚಿಮ ಘಟ್ಟದ ಆ ಮರ ಅಪಾಯದ ಅಂಚಿಗೆ ಬಂದಿದೆ. ಪೇಟೆಯಲ್ಲಿ ಅದರ ಹೆಸರಿನಲ್ಲಿ ರಸ್ತೆಬದಿ ನೆಡುವ ಉದ್ದನೆಯ ಕಂಬದಂಥ ಮರದ ತೊಗಟೆಯನ್ನು ಮಾರುತ್ತಾರೆ. ನಾನು ತೊಗಟೆಯನ್ನು ಅಂಗಡಿಯಿಂದ ಕೊಳ್ಳುವುದನ್ನೇ ಬಿಟ್ಟೆ. ತೋಟದಂಚಿಗೆ ಅಶೋಕ ನೆಟ್ಟ ಕೆಲವು ಮನೆಗಳಿವೆ; ಅವರು ರೆಂಬೆ ಸವರಿದಾಗ ರೆಂಬೆಯ ತೊಗಟೆಯನ್ನಷ್ಟೇ ಕೊಡುತ್ತಾರೆ, ಕಾಂಡಕ್ಕೆ ಕತ್ತಿ ಹಾಕುವಂತಿಲ್ಲ. ಸಿಗದ ತಿಂಗಳು ಅಶೋಕದ ಕಷಾಯವಿಲ್ಲ ಎಂದು ಫಲಕದಲ್ಲಿ ಬರೆಯುತ್ತೇನೆ. ರಕ್ತಸ್ರಾವ ಹೆಚ್ಚಿರುವವರನ್ನು ಹೇಗೂ ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿ ಬರಲು ಹೇಳುವುದರಿಂದ ಯಾರೂ ತೊಂದರೆಗೆ ಬಿದ್ದಿಲ್ಲ. ಬೇರು, ಸೊಪ್ಪು ತಂದುಕೊಡುವವರಿಗೆ ಕೊಡುವ ದರವನ್ನು ಚೌಕಾಸಿ ಮಾಡುವುದಿಲ್ಲ. ದಲ್ಲಾಳಿ ಕೊಡುವುದಕ್ಕಿಂತ ಹೆಚ್ಚು ಕೊಡುತ್ತೇನೆ, ಆ ಹೆಚ್ಚಳ ಗೋಡೆಯ ಮೇಲಿನ ಲೆಕ್ಕದಲ್ಲಿ ಕಾಣುತ್ತದೆ.

ಇಷ್ಟರಲ್ಲಿ ಸಂಸಾರ ನಡೆಯುತ್ತದೆಯೇ ಎಂಬುದು ಕಿರಿಯರ ಕೊನೆಯ ಪ್ರಶ್ನೆ. ನಡೆಯುತ್ತದೆ. ಔಷಧಿ ಮಾರಾಟದಲ್ಲಿ ಗಳಿಸುವ ಸಹಪಾಠಿಗಳಷ್ಟು ಉಳಿಯುವುದಿಲ್ಲ, ಕಾರು ಹಳೆಯದೇ. ಕೊಡಲಾಗದವರಿಗೆ ಶುಲ್ಕ ಬಿಡುತ್ತೇನೆ, ಆದರೆ ಅಸಲಿಗಿಂತ ಕಡಿಮೆಗೆ ಮದ್ದು ಕೊಡಬೇಕಾದಾಗ ಆ ವ್ಯತ್ಯಾಸ ನನ್ನ ಶುಲ್ಕದಿಂದ ಹೋಗುತ್ತದೆಯೇ ಹೊರತು ಅರೆಯುವ ಹೆಂಗಸರ ಕೂಲಿಯಿಂದಲ್ಲ. ಮುಂದಿನ ಯುಗಾದಿಗೆ ಅವರ ದಿನಗೂಲಿ ಏರಿಸುತ್ತಿದ್ದೇನೆ. ತೈಲದ ಬೆಲೆ ಅಷ್ಟಕ್ಕೆ ಏರುತ್ತದೆ, ನೋಡುವ ಶುಲ್ಕ 200 ಆಗುತ್ತದೆ. ಹೊಸ ದರದ ಹಾಳೆ ಈಗಾಗಲೇ ಗೋಡೆಯ ಮೇಲಿದೆ.